ಲೋಟಕ್ಕೆ ಐವತ್ತು ಸೆಂಟ್

ಜರ್ಮನಿಯ ಟ್ಯೂಬಿಂಗನ್ ಊರಿನ ಮೇಯರ್ ಬೋರಿಸ್ ಪಾಲ್ಮರ್ ಬಗ್ಗೆ ನೀವು ಬರೆದ ಲೇಖನ ಓದಿದೆ, ಆದರೆ ಅರ್ಧಕ್ಕರ್ಧ ಜಾಗ ಅವರ ಬಾಯಿಗೇ ಹೋಯ್ತು. ಬಾಯಿ ಹರಿತ, ಒಪ್ಪಿದೆ. ಅದರಿಂದಲೇ 2023ರಲ್ಲಿ ಗ್ರೀನ್ ಪಕ್ಷ ಬಿಡಬೇಕಾಯಿತು. ಆಗ ಆಡಿದ ಮಾತನ್ನು ನಾನಂತೂ ಸಮರ್ಥಿಸಲ್ಲ.

ಆದರೆ ಮಾಡಿದ ಕೆಲಸ? 2022ರ ಜನವರಿಯಿಂದ ಅಲ್ಲಿ ಬಿಸಾಡುವ ಕಾಫಿ ಲೋಟಕ್ಕೆ 50 ಸೆಂಟ್ (ಅಂದರೆ ಅರ್ಧ ಯೂರೋ), ಫೋರ್ಕ್‌ಗೆ 20 ಸೆಂಟ್ ತೆರಿಗೆ. ಮೆಕ್‌ಡೊನಾಲ್ಡ್ಸ್ ಅಂಗಡಿಯೊಂದನ್ನು ನಡೆಸುವವರು ಕೋರ್ಟಿಗೆ ಹೋದರು. ಕೇಸು ಜರ್ಮನಿಯ ಸಂವಿಧಾನ ಕೋರ್ಟಿನ ತನಕ ಹತ್ತಿತು. 2025ರ ಜನವರಿಯಲ್ಲಿ ಗೆದ್ದದ್ದು ಊರೇ! ಒಂದು ಸಣ್ಣ ಊರು ಲೋಟದ ಸಲುವಾಗಿ ಅಷ್ಟು ದೂರ ಹೋಯ್ತಲ್ಲ, ಅದನ್ನು ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ.

ಅಪ್ಪ ಹೆಲ್ಮುಟ್ ಪಾಲ್ಮರ್ ಅವರನ್ನಂತೂ ಬಿಟ್ಟೇಬಿಟ್ಟಿದ್ದೀರಿ. ಹಣ್ಣು ಬೆಳೆದು ಮಾರುತ್ತಿದ್ದ ಮನುಷ್ಯ. ಊರೂರಿನ ಮೇಯರ್ ಚುನಾವಣೆಗೆ ನಿಂತರು, ಅಧಿಕಾರಿಗಳನ್ನು ಬೈದು ಜೈಲಿಗೂ ಹೋದರು. ಮೇಯರ್ ಮಾತ್ರ ಆಗಲಿಲ್ಲ. ತೀರಿಕೊಂಡದ್ದು 2004ರಲ್ಲಿ. ಮಗ ಮೊದಲ ಸಲ ಗೆದ್ದದ್ದು 2006ರಲ್ಲಿ. ಆ ಬಾಯಿ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಅಂದಹಾಗೆ, ಗ್ರೀನ್ ಪಕ್ಷ ಬಿಡುವ ಮೊದಲೇ, 2022ರ ಮೇಯರ್ ಚುನಾವಣೆಯಲ್ಲಿ ಆ ಪಕ್ಷದ ಅಧಿಕೃತ ಅಭ್ಯರ್ಥಿ ಎದುರಿಗಿದ್ದರೂ ಪಾಲ್ಮರ್ ಸ್ವತಂತ್ರವಾಗಿ ನಿಂತು ಮೊದಲ ಸುತ್ತಿನಲ್ಲೇ ಶೇ. 52 ಮತ ತಗೊಂಡರು.