ಮಕ್ಕಳು ಮಲಗಿದ ಮೇಲೆ ಗೆಲ್ಲುವ ತಂಡ

"ಅಪ್ಪಾ, ನಾವು ಗೆದ್ವಾ?" ಸೋಮವಾರ ಬೆಳಗ್ಗೆ ಮಗ ಕಣ್ಣುಜ್ಜಿಕೊಂಡು ಕೇಳಿದ. 2018ರ ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ. ನಮ್ಮ ಬಾಸ್ಟನ್‌ನ ತಂಡ ರೆಡ್ ಸಾಕ್ಸ್ ಗೆದ್ದಾಗ ಅವನು ನಿದ್ದೆಯಲ್ಲಿದ್ದ.

ಸಾಕಾಯ್ತು ಈ ಬೇಸ್‌ಬಾಲ್ ನಡೆಸುವವರ ಸಹವಾಸ! ರಾತ್ರಿ ಎಂಟು ದಾಟಿದ ಮೇಲೆ ಆಟ ಶುರು ಮಾಡಿದರೆ ಸ್ಕೂಲಿಗೆ ಹೋಗುವ ಮಕ್ಕಳು ನೋಡುವುದು ಯಾವಾಗ? ನಾಲ್ಕು ಎಸೆತಕ್ಕೊಂದು ಜಾಹೀರಾತು. ಚೆಂಡೆಸೆಯುವ ಪಿಚರ್ ಬದಲಾದರೆ ಮತ್ತೆ ಜಾಹೀರಾತು. ಟ್ರಕ್ಕು, ಬಿಯರು, ಇನ್ಶೂರೆನ್ಸು. ಇದಕ್ಕಾ ನಾವು ನಿದ್ದೆ ಕೆಡುವುದು?

ಅದೇ ಸರಣಿಯ ಮೂರನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಒಂಬತ್ತರಲ್ಲಿ ಮುಗಿಯಬೇಕಾದದ್ದು 18 ಇನ್ನಿಂಗ್ಸ್, 7 ಗಂಟೆ 20 ನಿಮಿಷ! ಮುಗಿದಾಗ ನಮ್ಮಲ್ಲಿ ಬೆಳಗಿನ ಜಾವ ಮೂರೂವರೆ. ನಮ್ಮ ಪಿಚರ್ ನೇಥನ್ ಇವಾಲ್ಡಿ ಆರು ಇನ್ನಿಂಗ್ಸ್‌ಗೂ ಮೀರಿ ಒಬ್ಬರೇ ಎಸೆದರು. ಸೋತರೂ ಎಂಥಾ ಛಲ! ಅದನ್ನು ಬಾಸ್ಟನ್‌ನ ಯಾವ ಮಗು ಕಂಡಿತು?

ಗೆಲುವಿನ ಮೆರವಣಿಗೆಯಾದರೂ ಸಿಕ್ಕಿತಾ? ಅಕ್ಟೋಬರ್ 31, ಬುಧವಾರ, ಸರಿಯಾಗಿ ಸ್ಕೂಲಿನ ಹೊತ್ತಿಗೇ!

1987ರ ನಂತರ ವರ್ಲ್ಡ್ ಸೀರೀಸ್‌ನಲ್ಲಿ ಮಧ್ಯಾಹ್ನದ ಪಂದ್ಯವೇ ಇಲ್ಲ. ಒಂದೇ ಒಂದು ಶನಿವಾರ ಮಧ್ಯಾಹ್ನ ಆಡಿಸಿದರೆ ಇವರ ಗಂಟೇನು ಹೋಗುತ್ತದೆ?