ಹೊಸ್ತಿಲಲ್ಲಿ ಕಳಚುವವರಿಗೆ ಲೋಫರ್

ಮನೆಯೊಳಗೆ ಕಾಲಿಡುವ ಮುನ್ನ ಪಾದರಕ್ಷೆ ಕಳಚುವ ಜನರಿಗೆ ಲೇಸಿನ ಬೂಟಿಗಿಂತ, ಲೇಸಿಲ್ಲದೆ ಕಾಲು ತೂರಿಸಿ ಮೆಟ್ಟುವ ಲೋಫರ್ ಷೂವೇ ತಕ್ಕ ಜೋಡು. ಟೋಕಿಯೊದಲ್ಲಿ ಬದುಕುತ್ತಾ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯವಿದು. ಕರ್ನಾಟಕದಲ್ಲಿ ಮನೆ, ದೇವಸ್ಥಾನ, ಮದುವೆ ಮಂಟಪ, ಕೆಲವೆಡೆ ವೈದ್ಯರ ಕ್ಲಿನಿಕ್ಕಿನ ಬಾಗಿಲಲ್ಲೂ ಕಾಲು ಬರಿದಾಗಲೇಬೇಕು. ಆದರೂ ಕಚೇರಿಗೆ ಹೋಗುವ ಗಂಡಸು ಒಳ್ಳೆಯ ಷೂ ಬೇಕೆಂದಾಗ ಕೈಯಿಡುವುದು ಲೇಸಿನದ್ದಕ್ಕೇ. ಆಮೇಲೆ ಆ ಲೇಸನ್ನು ಬಿಚ್ಚುವ ತಾಳ್ಮೆ ಯಾರಿಗಿದೆ? ಗಂಟು ಹಾಗೆಯೇ ಇರುತ್ತದೆ, ಹಿಮ್ಮಡಿಯನ್ನು ತುರುಕಿ ತುರುಕಿ ಷೂವಿನ ಹಿಂಬದಿ ಮುರಿದು ಮಡಚಿಕೊಳ್ಳುತ್ತದೆ, ಕೆಲವೇ ತಿಂಗಳಲ್ಲಿ ದುಬಾರಿ ಬೂಟು ಚಪ್ಪಲಿಯಾಗಿ ಎಳೆದಾಡಿಸಿಕೊಳ್ಳುತ್ತದೆ. ಒಳ್ಳೆಯ ಚರ್ಮಕ್ಕೆ ಹೀಗಾಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜಪಾನೀಯರೂ ನಮ್ಮಂತೆಯೇ ಹೊರಗಿನ ಧೂಳನ್ನು ಒಳಗೆ ತರದವರು. ಇಲ್ಲಿ ಮನೆಯ ಬಾಗಿಲು ತೆರೆದೊಡನೆ ಗೆಂಕನ್ ಎಂಬ ತಗ್ಗು ಜಾಗ ಸಿಗುತ್ತದೆ. ಅಲ್ಲಿ ಷೂ ಬಿಟ್ಟು ಒಂದು ಮೆಟ್ಟಿಲು ಹತ್ತಿದರೆ ಮನೆ. ಬಿಟ್ಟ ಜೋಡಿಯ ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಡುವುದು ಮರ್ಯಾದೆ. ಹೊರಡುವಾಗ ಕಾಲು ನೇರವಾಗಿ ಒಳಗೆ ಜಾರುತ್ತದೆ. ಪಕ್ಕದಲ್ಲೇ ಷೂ ಹಾರ್ನ್ ಎಂಬ, ಹಿಮ್ಮಡಿ ಜಾರಿಸುವ ಉದ್ದನೆಯ ನುಣುಪು ಪಟ್ಟಿ ನೇತಾಡುತ್ತಿರುತ್ತದೆ. ಬಾಗದೆ ನಿಂತುಕೊಂಡೇ ಅದನ್ನು ಹಿಮ್ಮಡಿಯ ಹಿಂದೆ ಇಟ್ಟು ಕಾಲು ತೂರಿಸುತ್ತಾರೆ, ಆದ್ದರಿಂದ ಷೂವಿನ ಹಿಂಬದಿ ವರ್ಷಗಟ್ಟಲೆ ನೆಟ್ಟಗಿರುತ್ತದೆ. ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಮೊಳೆ ಹೊಡೆದು ಇಂಥದ್ದೊಂದನ್ನು ತೂಗುಹಾಕಲು ಏನು ಖರ್ಚಿದೆ? ಊರಿಗೆ ಹೋಗುವಾಗ ಏನು ತರಲಿ ಎಂದು ಕೇಳಿದ ಬಂಧುಗಳಿಗೆ ನಾನು ಒಯ್ದುಕೊಡುವುದು ಇದನ್ನೇ.

ಇಲ್ಲಿ ಲೋಫರನ್ನು ಮೊದಲು ಮೆಟ್ಟುವವರು ಶಾಲೆಯ ಮಕ್ಕಳು. ಶಾಲೆಯ ಬಾಗಿಲಲ್ಲಿ ಹೊರಗಿನ ಷೂ ಬಿಚ್ಚಿ ಉವಾಬಾಕಿ ಎಂಬ ಒಳಗಿನ ಮೆತ್ತನೆಯ ಷೂ ತೊಡುವ ಪದ್ಧತಿ ಇಲ್ಲಿದೆ. ಹೀಗಾಗಿ ಬೇಗ ಕಳಚಿ ಬೇಗ ಮೆಟ್ಟುವ ಜೋಡೇ ವಿದ್ಯಾರ್ಥಿಗೆ ಅನುಕೂಲ. 1917ರಲ್ಲಿ ಆರಂಭವಾದ ಹರುತಾ ಎಂಬ ಸಂಸ್ಥೆಯ ಹೆಸರು ಹೇಳಿದರೆ ಇಲ್ಲಿ ಎಷ್ಟೋ ಜನರಿಗೆ ಹೈಸ್ಕೂಲು ದಿನಗಳ ಕಪ್ಪು, ಕಂದು ಲೋಫರುಗಳು ನೆನಪಾಗುತ್ತವೆ.

ಈ ಷೂ ಜಪಾನಿನದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳ ಮೊಕಾಸಿನ್ ಎಂಬ ಮೆತ್ತನೆಯ ಚರ್ಮದ ಜೋಡು ಇದರ ಒಂದು ಬೇರು. ನಾರ್ವೆಯ ಔರ್ಲಾಂಡ್ ಎಂಬ ಊರು ಇನ್ನೊಂದು ಬೇರು. ಹುಡುಗನಾಗಿದ್ದಾಗ ಉತ್ತರ ಅಮೆರಿಕದಲ್ಲಿ ಚರ್ಮದ ಕೆಲಸ ಕಲಿತು ಊರಿಗೆ ಮರಳಿದ ನಿಲ್ಸ್ ತ್ವೆರಾಂಗರ್ 1930ರ ಸುಮಾರಿಗೆ ಅಲ್ಲಿ ಲೇಸಿಲ್ಲದ ಜೋಡೊಂದನ್ನು ರೂಪಿಸಿದ. ಅಮೆರಿಕದ ಮೇನ್ ರಾಜ್ಯದ ವಿಲ್ಟನ್ ಊರಿನ ಜಿ. ಎಚ್. ಬಾಸ್ ಕಂಪನಿ ಅದೇ ಬಗೆಯದನ್ನು 1936ರಲ್ಲಿ ವೀಜನ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಮುಂದೆ ಕಾಲೇಜು ಹುಡುಗರು ಷೂವಿನ ಮೇಲೆ ಅಡ್ಡಲಾಗಿರುವ ಮೇಲ್ಪಟ್ಟಿಯ ಸೀಳಿನಲ್ಲಿ ಪೆನ್ನಿ ನಾಣ್ಯ ಸಿಕ್ಕಿಸಿಕೊಂಡು ಓಡಾಡಿದರು, ಪೆನ್ನಿ ಲೋಫರ್ ಎಂಬ ಹೆಸರು ನಿಂತಿತು. ಜಪಾನಿನಲ್ಲಿ ಅಮೆರಿಕದ ಕಾಲೇಜು ಉಡುಪಿನ ಹುಚ್ಚು ಹಬ್ಬಿಸಿದ್ದು ವ್ಯಾನ್ ಎಂಬ ಉಡುಪಿನ ಸಂಸ್ಥೆ ಕಟ್ಟಿದ ಇಶಿಜು ಕೆನ್ಸುಕೆ. 1964ರ ಬೇಸಿಗೆಯಲ್ಲಿ ಟೋಕಿಯೊದ ಗಿಂಜಾ ಪ್ರದೇಶದ ಮಿಯುಕಿ ಬೀದಿಯಲ್ಲಿ ಈ ಬಗೆಯ ಉಡುಪು ತೊಟ್ಟ ಹುಡುಗ ಹುಡುಗಿಯರು ಗುಂಪುಗುಂಪಾಗಿ ಸುತ್ತಾಡುತ್ತಿದ್ದರು. ಒಲಿಂಪಿಕ್ಸ್ ಹತ್ತಿರ ಬಂದಂತೆ ಪೊಲೀಸರು ಅವರನ್ನು ಹಿಡಿದು ಚದುರಿಸಿದರು. ಹೊರಗಿನಿಂದ ಬಂದದ್ದನ್ನು ತಮ್ಮ ಹೊಸ್ತಿಲಿಗೆ ಹೊಂದಿಸಿಕೊಂಡ ಇಲ್ಲಿನವರ ಬಗೆ ನನಗೆ ಬಹಳ ಮೆಚ್ಚುಗೆ.

ಕೊಳ್ಳುವಾಗಿನ ಅಳತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮವರು ಲೋಫರನ್ನು ದೂರುವುದು ಇಲ್ಲೇ. 'ಕಾಲಲ್ಲಿ ನಿಲ್ಲುವುದಿಲ್ಲ, ನಡೆದರೆ ಹಿಮ್ಮಡಿ ಕಳಚುತ್ತದೆ' ಎನ್ನುತ್ತಾರೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ಪಾದ ಬೆರಳುಗಳ ಬಳಿ ಅಗಲವಾಗಿರುತ್ತದೆ. ಭಾರತದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಉದ್ದದ ಸಂಖ್ಯೆ ಮಾತ್ರ ಇರುತ್ತದೆ. ಅಗಲ ಸಾಲದಿದ್ದಾಗ ಅಂಗಡಿಯವರು ಒಂದು ಸೈಜು ದೊಡ್ಡದನ್ನು ತೆಗೆದುಕೊಡುತ್ತಾರೆ. ಬೆರಳಿಗೆ ಜಾಗ ಸಿಗುತ್ತದೆ, ಹಿಮ್ಮಡಿಯಲ್ಲಿ ಸಡಿಲವಾಗುತ್ತದೆ. ಲೇಸಿನ ಷೂವಿನಲ್ಲಿ ಬಿಗಿದು ಕಟ್ಟಿ ಈ ದೋಷವನ್ನು ಮುಚ್ಚಬಹುದು, ಲೋಫರಿನಲ್ಲಿ ಮುಚ್ಚಲಾಗದು. ಜಪಾನಿನ ಅಳತೆ ಪದ್ಧತಿಯಲ್ಲಿ ಉದ್ದ ಸೆಂಟಿಮೀಟರಿನಲ್ಲಿದ್ದರೆ ಅದರ ಜೊತೆಗೆ ಇ, 2ಇ, 3ಇ ಎಂದು ಅಗಲವೂ ಇರುತ್ತದೆ. ಅಗಲ ಪಾದದವನು ಉದ್ದ ಬದಲಿಸದೆ 3ಇ ಕೇಳಿ ಪಡೆಯುತ್ತಾನೆ. ದೂರಿನ ಬಹುಪಾಲು ಇಷ್ಟರಿಂದಲೇ ಪರಿಹಾರವಾಗುತ್ತದೆ.

ಇಲ್ಲಿನವರ ಒಂದು ರೂಢಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೇಗ ಕಳಚಲು ಸುಲಭವೆಂದು ಹಲವರು ಬೇಕೆಂದೇ ಸಡಿಲ ಷೂ ಕೊಳ್ಳುತ್ತಾರೆ, ಅದರಲ್ಲಿ ಕಾಲೆಳೆದುಕೊಂಡು ನಡೆಯುತ್ತಾರೆ. ಲೋಫರನ್ನು ಪಾದಕ್ಕೆ ಹಿಡಿದಿಡುವುದು ಪಾದದ ಮೇಲ್ಭಾಗದ ಬಿಗಿತವೊಂದೇ. ಹೊಸದರಲ್ಲಿ ಅಲ್ಲಿ ಗಟ್ಟಿಯಾದ ಹಸ್ತಲಾಘವದಷ್ಟು ಹಿಡಿತವಿರಬೇಕು. ಚರ್ಮ ದಿನ ಕಳೆದಂತೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಹಾಗಾಗಿ ಬೆರಳ ತುದಿ ಮುಂದಕ್ಕೆ ತಾಗುವ ಜೋಡನ್ನು 'ಮುಂದೆ ಸರಿಹೋಗುತ್ತದೆ' ಎಂದು ಕೊಳ್ಳಬಾರದು. ಹಿಮ್ಮಡಿ ಮೊದಮೊದಲು ಸ್ವಲ್ಪ ಮೇಲೇಳುವುದು ಸಹಜ, ಅಟ್ಟೆ ಬಾಗುವುದನ್ನು ಕಲಿತ ಮೇಲೆ ಅದು ನಿಲ್ಲುತ್ತದೆ. ನಡೆದಾಗ ಕಾಲ್ಗಂಟಿನ ಕೆಳಗೆ ಎರಡೂ ಬದಿ ಬಾಯಿ ಬಿಟ್ಟಂತೆ ತೆರೆದುಕೊಂಡರೆ ಅದು ದೊಡ್ಡದು. ಮೇಲ್ಪಟ್ಟಿಯ ಸೀಳು ಅಗಲವಾಗಿ ಬಿರಿದು ನಿಂತರೆ ಬಿಗಿ. ಪಾದ ಸ್ವಲ್ಪ ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ, ದಿನವೂ ತೊಡುವ ಕಾಲುಚೀಲ ಹಾಕಿಕೊಂಡೇ ಹೋಗಿ ನೋಡಬೇಕು.

ಬಗೆಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಕಡುಗಂದು ಪೆನ್ನಿ ಲೋಫರ್. ಹತ್ತಿಯ ಪ್ಯಾಂಟು, ಉಣ್ಣೆಯ ಪ್ಯಾಂಟು, ಜೀನ್ಸ್ ಎಲ್ಲದರೊಂದಿಗೂ ಅದು ಒಗ್ಗುತ್ತದೆ, ಕಚೇರಿಗೂ ಸೈ. ಸೂಟಿನ ಜೊತೆಗೆ ನನ್ನ ಆಯ್ಕೆ ಕುಚ್ಚಿನ ಲೋಫರ್. ಹಂಗೆರಿ ಮೂಲದ ನಟ ಪಾಲ್ ಲೂಕಾಸ್ ತನ್ನ ಷೂವಿಗೆ ಕುಚ್ಚು ಬೇಕೆಂದು ಕೇಳಿದ್ದರಿಂದ ಮೊದಲಾಗಿ, ಮ್ಯಾಸಚೂಸೆಟ್ಸ್‌ನ ಆಲ್ಡೆನ್ ಕಂಪನಿ 1950ರ ದಶಕದಲ್ಲಿ ಅದನ್ನು ತಿದ್ದಿ ಮಾರುಕಟ್ಟೆಗೆ ತಂದಿತು. ಅಮೆರಿಕದಲ್ಲಿ ಅದು ವಕೀಲರ ಗುರುತೇ ಆಯಿತು. 1992ರ ಚುನಾವಣೆಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಎದುರಾಳಿಯ ಬೆಂಬಲಿಗರಾದ ವಕೀಲರನ್ನು ಹಳಿಯಲು ಕುಚ್ಚಿನ ಲೋಫರನ್ನೇ ಎತ್ತಿ ಆಡಿದರು. ನಮ್ಮ ಮದುವೆಯ ಆರತಕ್ಷತೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಸೂಟು ತೊಟ್ಟು ಬಂದವರು ಊಟದೆಲೆಯ ಮುಂದೆ ಕೂರುವಾಗಲೋ ಮಂಟಪ ಹತ್ತುವಾಗಲೋ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು ಲೇಸು ಬಿಚ್ಚಬೇಕಿಲ್ಲ.

ಇಟಲಿಯ ಗುಚ್ಚಿ 1953ರಲ್ಲಿ ತಂದ, ಕುದುರೆಯ ಕಡಿವಾಣದ ಲೋಹದ ತುಣುಕನ್ನು ಮೇಲೆ ಹೊತ್ತ ಲೋಫರ್ ಚೆಂದದ್ದೇ. ಆದರೆ ನಮ್ಮ ಮದುವೆಮನೆಯಲ್ಲಿ ಜರಿ, ಚಿನ್ನ ಧಾರಾಳವಾಗಿ ಹೊಳೆಯುತ್ತಿರುವಾಗ ಕಾಲಿನಲ್ಲೂ ಹೊಂಬಣ್ಣ ಏಕೆ? ಅದು ಬಿಳಿ ಅಂಗಿಯ, ಬೇರೇನೂ ಹೊಳೆಯದ ದಿನಕ್ಕೆ ಇರಲಿ. ಅಟ್ಟೆಯಡಿ ರಬ್ಬರಿನ ಗುಬಟುಗಳಿರುವ ಡ್ರೈವಿಂಗ್ ಲೋಫರ್ ಕಾರಿನ ಪೆಡಲು ಒತ್ತಲು ಹುಟ್ಟಿದ್ದು. ಟೋಕಿಯೊದಲ್ಲಿ ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದೊಳಗೆ ಒಂದು ರೈಲಿನಿಂದ ಇನ್ನೊಂದಕ್ಕೆ ದಿನವೂ ನಡೆಯುವವನಿಗೆ ಅದು ಬಾಳುವುದಿಲ್ಲ, ಬೆಂಗಳೂರಿನ ಕಾಲುದಾರಿಯಲ್ಲಂತೂ ಗುಬಟುಗಳು ಬೇಗ ಸವೆಯುತ್ತವೆ. ಪಂಚೆಯ ಜೊತೆಗೆ ಲೋಫರ್ ಬೇಡವೇ ಬೇಡ. ಪಂಚೆಯ ಅಂಚಿಗೆ ಒಪ್ಪುವುದು ತೆರೆದ ಪಾದ. ಅದಕ್ಕೆ ಅಥಣಿಯ ಚಪ್ಪಲಿ ಇದೆ.

ಪ್ಯಾಂಟಿನ ಉದ್ದದ ಬಗ್ಗೆ ನಮ್ಮ ಟೈಲರುಗಳಲ್ಲಿ ನನ್ನದೊಂದು ವಿನಂತಿ. ಊರಿನಲ್ಲಿ ಹೊಲಿಸಿದ ಪ್ಯಾಂಟಿನ ಅಂಚು ಹಿಮ್ಮಡಿಯ ಮೇಲೆ ಮುದ್ದೆಯಾಗಿ ಬೀಳುತ್ತದೆ. ಲೋಫರಿನ ಅಂದವೆಲ್ಲ ಅದರ ತಗ್ಗಿದ ಬಾಯಿಯಲ್ಲಿದೆ, ಬಟ್ಟೆ ಅದನ್ನು ಮುಚ್ಚಿದರೆ ಏನು ಉಳಿಯಿತು? ಅಂಚು ಷೂವಿನ ಮೇಲ್ಭಾಗವನ್ನು ಬರೀ ಸೋಕಿ ನಿಲ್ಲಲಿ.

ಎರಡು ನಾಡುಗಳ ನಡತೆ ನಿಜವಾಗಿ ಬೇರೆಯಾಗುವುದು ಕಾಲುಚೀಲದಲ್ಲಿ. ಇಟಲಿಯವರ ಹಾಗೆ ಬರಿಗಾಲಲ್ಲಿ ಲೋಫರ್ ಮೆಟ್ಟುವ ಶೈಲಿ ಇಂದು ಎಲ್ಲೆಡೆ ಹರಡಿದೆ. ಟೋಕಿಯೊದಲ್ಲಿ ಹಾಗೆ ಬಂದವನು ಗೆಂಕನ್‌ನಲ್ಲಿ ಷೂ ಕಳಚಿ, ಬೆವೆತ ಬರಿಗಾಲನ್ನು ಮತ್ತೊಬ್ಬರ ಮನೆಯ ಚಾಪೆಯ ಮೇಲೆ ಇಡುವುದು ಅಸಭ್ಯತೆ. ಇಲ್ಲಿನ ಅತಿಥಿಗೆ ತೂತಿಲ್ಲದ, ಶುಭ್ರವಾದ ಕಾಲುಚೀಲವೇ ಗೌರವ. ನಮ್ಮಲ್ಲಿ ಇದು ತಿರುವುಮುರುವು. ದೇವರ ಮುಂದೆ ಕಾಲುಚೀಲವೂ ಇರಬಾರದು, ತೊಳೆದ ಬರಿಗಾಲೇ ಶುದ್ಧ. ಹಾಗಾದರೆ ಬೆಂಗಳೂರಿನಲ್ಲಿ ಕಾಲುಚೀಲವಿಲ್ಲದೆ ಮೆಟ್ಟಬಹುದೇ? ನನ್ನ ಉತ್ತರ: ಬೇಡ. ನೀರಲ್ಲಿ ತೊಳೆದ ಕಾಲನ್ನು ಒದ್ದೆಯಾಗಿಯೇ ಒಳಗೆ ತೂರಿಸಿದರೆ ಒಳಗಿನ ಚರ್ಮ ಬಿರಿಯುತ್ತದೆ, ನಾರುತ್ತದೆ. ಬಾಯಿಯ ಅಂಚಿಗಿಂತ ಕೆಳಗೇ ನಿಲ್ಲುವ ಗಿಡ್ಡ ಹತ್ತಿ ಕಾಲುಚೀಲ ಎರಡೂ ನಾಡಿಗೆ ಸಲ್ಲುತ್ತದೆ. ಕಳಚಿದ್ದನ್ನು ಷೂವಿನೊಳಗೆ ತುರುಕದೆ ಜೇಬಿನಲ್ಲಿಟ್ಟುಕೊಂಡರೆ ಷೂವಿಗೂ ಗಾಳಿ ಆಡುತ್ತದೆ.

ಮಳೆಗಾಲದಲ್ಲಿ ಮಾತ್ರ ಎರಡೂ ಕಡೆಯ ಪಾಡು ಒಂದೇ. ಜೂನ್ ತಿಂಗಳ ಟೋಕಿಯೊದಲ್ಲೂ ಕರಾವಳಿಯಲ್ಲೂ ಮುಚ್ಚಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾದದ್ದರೊಳಗೆ ಹಳೆಯ ಪತ್ರಿಕೆಯ ಹಾಳೆ ತುಂಬಿ, ಅದು ನೀರು ಹೀರಿದೊಡನೆ ಬದಲಿಸಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೋ ಒಲೆಯ ಬಳಿಗೋ ಒಯ್ದರೆ ಚರ್ಮ ಸೆಟೆದು ಸೀಳುತ್ತದೆ. ಒಂದೇ ಜೋಡನ್ನು ದಿನವೂ ಮೆಟ್ಟದೆ ನಡುವೆ ಒಂದು ದಿನ ಬಿಡುವು ಕೊಟ್ಟರೆ ಬೆವರು ಆರುತ್ತದೆ.

ಚರ್ಮವೇ ಬೇಡವೆನ್ನುವ ಮನೆಗಳು ನಮ್ಮಲ್ಲಿ ಬಹಳ ಇವೆ. ಜಪಾನಿನ ಕುರಾರೆ ಕಂಪನಿ 1964ರಲ್ಲಿ ಮಾರುಕಟ್ಟೆಗೆ ತಂದ ಕ್ಲಾರಿನೊ ಎಂಬ ಕೃತಕ ಚರ್ಮ ಇಲ್ಲಿನ ಮಕ್ಕಳ ಶಾಲಾ ಚೀಲಗಳಿಗೂ ಬಳಕೆಯಾಗುತ್ತದೆ, ಕೃತಕ ಚರ್ಮದ ಶಾಲಾ ಲೋಫರುಗಳೂ ಇಲ್ಲಿ ಧಾರಾಳವಾಗಿ ಸಿಗುತ್ತವೆ. ಮಳೆಗೆ ಅಷ್ಟಾಗಿ ಜಗ್ಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು; ಚರ್ಮದಷ್ಟು ಹಿಗ್ಗದ ಕಾರಣ ಮೊದಲ ದಿನವೇ ಅಳತೆ ಸರಿಯಿರಬೇಕು, ಅಷ್ಟೆ. ಕರ್ನಾಟಕದ ಶಾಲೆಗಳು ಸಮವಸ್ತ್ರದ ಪಟ್ಟಿಯಲ್ಲಿ ಲೇಸಿನ ಕಪ್ಪು ಷೂವಿನ ಪಕ್ಕದಲ್ಲಿ ಇಂಥದ್ದಕ್ಕೂ ಅನುಮತಿ ಕೊಡಲಿ. ಕಂಪ್ಯೂಟರ್ ಕೊಠಡಿಯ ಮುಂದೆ, ಪ್ರಾರ್ಥನೆಯ ಹಜಾರದ ಮುಂದೆ ಷೂ ಬಿಡಿಸುವ ಶಾಲೆಗಳಾದರೂ ಈ ವರ್ಷವೇ ಯೋಚಿಸಲಿ. ಅಲ್ಲಿ ಬಿಡುವಿನ ಎಷ್ಟೋ ನಿಮಿಷಗಳು ಪುಟ್ಟ ಮಕ್ಕಳಿಗೆ ಗಂಟು ಬಿಚ್ಚುವುದರಲ್ಲಿ, ಟೀಚರಿಗೆ ಅದನ್ನು ಮರಳಿ ಕಟ್ಟಿಕೊಡುವುದರಲ್ಲಿ ಕಳೆದುಹೋಗುತ್ತಿವೆ.