ಬ್ಲಫ್‌ನ ಕರೆಂಟು, ಗ್ರೆನೋಬಲ್‌ನ ನ್ಯಾನೋ

ನಮ್ಮದು ಮಳವಳ್ಳಿ ತಾಲ್ಲೂಕು. ಶಿವನಸಮುದ್ರದ ಪವರ್ ಹೌಸಿಗೆ ನಮ್ಮ ಕಡೆ ‘ಬ್ಲಫ್’ ಅಂತಲೇ ಹೆಸರು. ಅಜ್ಜ ಆಗಾಗ ಹೇಳುತ್ತಿದ್ದರು: "ಕರೆಂಟು ಹುಟ್ಟಿದ್ದು ಇಲ್ಲಿ, ತಂತಿ ಹೋಗಿದ್ದು ಕೋಲಾರಕ್ಕೆ. ನಮ್ಮನೇಲಿ ಉರೀತಿದ್ದದ್ದು ಸೀಮೆಎಣ್ಣೆ ಬುಡ್ಡಿ." 1902ರಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಚಿನ್ನದ ಗಣಿಗೆ ಹೋಯಿತು. ಅಂಥ ಕೆಲಸ ಆಗ ಏಷ್ಯಾದಲ್ಲೇ ಅಪರೂಪ. ಆ ಹೆಮ್ಮೆ ನನಗೂ ಇದೆ. ಆದರೆ ಅಜ್ಜನ ಮಾತಿನ ನೋವು ಸರಿಯಾಗಿ ಅರ್ಥವಾದದ್ದು ಫ್ರಾನ್ಸಿನ ಗ್ರೆನೋಬಲ್‌ಗೆ ಬಂದ ಮೇಲೆ.

ಗ್ರೆನೋಬಲ್ ಆಲ್ಪ್ಸ್ ಬೆಟ್ಟಗಳ ನಡುವಿನ ಊರು. ಈಸೇರ್, ದ್ರಾಕ್ ಅಂತ ಎರಡು ನದಿ ಇಲ್ಲಿ ಸೇರುತ್ತವೆ. ನಾನು ಚಿಪ್ ತಯಾರಿಸುವ ಕೆಲಸದಲ್ಲಿದ್ದೇನೆ. ನ್ಯಾನೋ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ಅಳತೆಯಲ್ಲಿ ನಡೆಯುವ ಕೆಲಸ. ಆ ಪದ ಇಲ್ಲಿ ಬಸ್ಸಿನಲ್ಲೂ ಕಿವಿಗೆ ಬೀಳುತ್ತದೆ. ಇಷ್ಟು ಚಿಕ್ಕ ಊರಿಗೆ ಇದೆಲ್ಲ ಹೇಗೆ ಬಂತು ಅಂತ ವಿಚಾರಿಸುತ್ತಾ ಹೋದರೆ ಕೊನೆಗೆ ಸಿಗುವುದು ಬೆಟ್ಟದಿಂದ ಇಳಿಯುವ ನೀರು!

1869ರಲ್ಲಿ ಅರಿಸ್ತಿದ್ ಬೆರ್ಜೆಸ್ ಎಂಬ ಎಂಜಿನಿಯರು ಪಕ್ಕದ ಲಾನ್ಸೆ ಹಳ್ಳಿಯಲ್ಲಿ 200 ಮೀಟರ್ ಎತ್ತರದಿಂದ ಪೈಪಿನಲ್ಲಿ ನೀರು ಇಳಿಸಿದ. ಕಾಗದಕ್ಕೆ ಬೇಕಾದ ಮರದ ತಿರುಳು ಅರೆಯುವ ಯಂತ್ರಗಳು ಅದರಿಂದ ಓಡಿದವು. ಈ ನೀರಿಗೆ ‘ಬಿಳಿ ಕಲ್ಲಿದ್ದಲು’ ಅನ್ನುವ ಹೆಸರು ಪ್ರಚಾರಕ್ಕೆ ಬಂದದ್ದು ಅವನಿಂದಲೇ. ಅವನ ಮನೆ ಈಗ ಮ್ಯೂಸಿಯಂ. ನೀರಿನ ಶಕ್ತಿ ಕಣಿವೆಯಲ್ಲೇ ಕೆಲಸಕ್ಕೆ ಬಿತ್ತು. ಕಾಗದದ ಗಿರಣಿ ಬಂತು, ಟರ್ಬೈನ್ ಮಾಡುವವರು ಬಂದರು. ಅವರಿಗೆ ಓದಿದ ಕೆಲಸಗಾರರು ಬೇಕಾದರು. 1892ರಲ್ಲಿ ಪಾಲ್ ಜಾನೆ ಎಂಬ ಪ್ರೊಫೆಸರ್ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ವಿದ್ಯುತ್ತಿನ ಪಾಠ ಶುರು ಮಾಡಿದರು. ಅದು ಮುಂದೆ ಒಂದು ಸಂಸ್ಥೆಯೇ ಆಯಿತು. 1907ರಲ್ಲಿ ಅದಕ್ಕೆ ಜಾಗ ಕೊಟ್ಟದ್ದು ಇದೇ ಊರಿನ ಉದ್ಯಮಿ, ಕಾಸಿಮಿರ್ ಬ್ರೆನಿಯೆ.

ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಆ ಜಾಗದ ವಿಷಯ. ಅದಕ್ಕಾಗಿ ಪ್ಯಾರಿಸ್ ಕಡೆ ಕೈ ಚಾಚಲಿಲ್ಲ. ಊರಿನವನೇ ಕೊಟ್ಟ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿಗೆ ಬಂದ ಭೌತವಿಜ್ಞಾನಿ ಲೂಯಿ ನೀಲ್ (1970ರಲ್ಲಿ ನೊಬೆಲ್ ಪಡೆದವರು) 1956ರಲ್ಲಿ ಅಣುಶಕ್ತಿ ಸಂಶೋಧನಾ ಕೇಂದ್ರ ತಂದರು. ಹಿಂದೆ ಸೈನ್ಯದವರು ತೋಪು ಹಾರಿಸುತ್ತಿದ್ದ ಮೈದಾನದಲ್ಲಿ ಅದು ಎದ್ದು ನಿಂತಿತು. ಅದರಿಂದ 1967ರಲ್ಲಿ ಲೇಟಿ ಎಂಬ ಎಲೆಕ್ಟ್ರಾನಿಕ್ಸ್ ಲ್ಯಾಬ್ ಹುಟ್ಟಿತು. ಅಲ್ಲಿನ ಮಿಷೆಲ್ ಬ್ರುಯೆಲ್ ಸಿಲಿಕಾನ್ ಬಿಲ್ಲೆಯಿಂದ (ಚಿಪ್‌ಗಳನ್ನು ಮಾಡುವುದು ಇದರ ಮೇಲೇ) ತೀರಾ ತೆಳುವಾದ ಪದರವನ್ನು ಎಬ್ಬಿಸುವ ದಾರಿ ಕಂಡುಹಿಡಿದರು. ಬಿಲ್ಲೆಯೊಳಗೆ ಹೈಡ್ರೋಜನ್ ತೂರಿಸಿ, ಇನ್ನೊಂದು ಬಿಲ್ಲೆಗೆ ಅಂಟಿಸಿ, ಕಾಯಿಸಿದರೆ ಸರಿಯಾಗಿ ಆ ಆಳದಲ್ಲೇ ಪದರ ಬಿಟ್ಟುಕೊಳ್ಳುತ್ತದೆ, ಕಾದ ಹೆಂಚಿನಿಂದ ದೋಸೆ ಎದ್ದ ಹಾಗೆ. ಲೇಟಿಯ ಇಬ್ಬರು ಎಂಜಿನಿಯರುಗಳು 1992ರಲ್ಲಿ ಸೊಯ್‌ಟೆಕ್ ಕಂಪನಿ ಶುರು ಮಾಡಿದರು. ಅದು ಇರುವುದು ಇದೇ ಕಣಿವೆಯ ಬೆರ್ನಿನ್‌ನಲ್ಲಿ. ನಿಮ್ಮ ಕೈಲಿರುವ ಫೋನಿನಲ್ಲೂ ಅಂಥ ಪದರದ ಮೇಲೆ ಮಾಡಿದ ಚಿಪ್ ಇರುವ ಸಾಧ್ಯತೆ ತುಂಬಾ ಜಾಸ್ತಿ.

2006ರಲ್ಲಿ ಮಿನಾಟೆಕ್ ಎಂಬ ನ್ಯಾನೋ ಸಂಶೋಧನೆಯ ಕ್ಯಾಂಪಸ್ ಉದ್ಘಾಟನೆ ಆಯಿತು. ಸಂಶೋಧಕರು, ಕಾಲೇಜಿನವರು, ಕಂಪನಿಯವರು ಎಲ್ಲ ಒಂದೇ ಕಡೆ. ಇದಕ್ಕೆ ಕೇಂದ್ರ ಸರ್ಕಾರದ ಜೊತೆ ಗ್ರೆನೋಬಲ್ ನಗರ, ಪ್ರಾಂತ್ಯ ಮತ್ತು ನಮ್ಮ ಜಿಲ್ಲಾ ಪಂಚಾಯ್ತಿಗೆ ಹೋಲಿಸಬಹುದಾದ ಈಸೇರ್ ಕೌನ್ಸಿಲ್ ಕೂಡ ದುಡ್ಡು ಹಾಕಿದವು. ನಮ್ಮ ಜಿಲ್ಲಾ ಪಂಚಾಯ್ತಿ ಒಂದು ಲ್ಯಾಬಿಗೆ ದುಡ್ಡು ಹಾಕುವುದನ್ನು ಊಹಿಸಿಕೊಳ್ಳಲು ಆಗುತ್ತದಾ? ತಪ್ಪು ಅವರದಲ್ಲ. ಅವರ ಕೈಗೆ ಬರುವ ಹಣ ಯಾವುದಕ್ಕೆ ಅಂತ ಬಹುಪಾಲು ಮೇಲಿಂದಲೇ ನಿಗದಿಯಾಗಿ ಬರುತ್ತದೆ.

ಇನ್ನೊಂದು ದೃಶ್ಯ ಹೇಳಲೇಬೇಕು. ಇಲ್ಲಿ ಸಿಮ್ ನ್ಯಾನೋಟೆಕ್ ಅಂತ ವಿದ್ಯಾರ್ಥಿಗಳಿಗೇ ಮೀಸಲಾದ ಕ್ಲೀನ್ ರೂಮ್, ಅಂದರೆ ಧೂಳು ಸುಳಿಯದ ಹಾಗೆ ಕಾಪಾಡುವ ಲ್ಯಾಬ್ ಇದೆ. ನಮ್ಮ ಪಿಯುಸಿ ವಯಸ್ಸಿನ ಮಕ್ಕಳೂ ಬರುತ್ತಾರೆ. ಒಂದು ದಿನ ಅವರ ಜೊತೆ ಇದ್ದೆ. ಮೊದಲು ಶೂಗೆ ಕವರ್. ಆಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಗ್ಲೌಸ್, ಮಾಸ್ಕ್. ಕೂದಲೆಳೆಯ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಬಿಲ್ಲೆಯ ಮೇಲೆ ಮಾಡುವ ಗೆರೆಗಳು ಅದಕ್ಕಿಂತ ಎಷ್ಟೋ ಸಣ್ಣವು, ಒಂದು ಧೂಳಿನ ಕಣ ಬಿದ್ದರೂ ಮಾಡಿದ ಗೆರೆಗಳೆಲ್ಲ ಹಾಳು. ಒಳಗೆಲ್ಲ ಹಳದಿ ಬೆಳಕು. ಬಿಲ್ಲೆಗೆ ಬಳಿಯುವ ರಾಸಾಯನಿಕಕ್ಕೆ ಮಾಮೂಲಿ ಬಿಳಿ ಬೆಳಕು ತಾಕಿದರೆ ಕೆಟ್ಟುಹೋಗುತ್ತದೆ. ಒಬ್ಬಳು ಹುಡುಗಿ ಚಿಮಟದಿಂದ ಬಿಲ್ಲೆ ಎತ್ತುವಾಗ ಕೈ ನಡುಗಿ ಕೆಳಗೆ ಬಿತ್ತು. ಚೂರುಚೂರು. ಅವಳ ಕಣ್ಣಲ್ಲಿ ನೀರು. ಹೇಳಿಕೊಡುತ್ತಿದ್ದವರು ಬೈಯಲಿಲ್ಲ. ಬಗ್ಗಿ ಎರಡು ಚೂರು ಎತ್ತಿಕೊಂಡು ಅವಳ ಅಂಗೈ ಮೇಲೆ ಇಟ್ಟರು. "ಅಂಚು ನೋಡು, ಹೇಗೆ ನೇರ ಮೂಲೆಗೆ ಒಡೆದಿದೆ. ಒಳಗೆ ಪರಮಾಣುಗಳು ಸಾಲಾಗಿ ನಿಂತಿರೋದಕ್ಕೆ ಹೀಗೆ." ಆಮೇಲೆ ಇನ್ನೊಂದು ಬಿಲ್ಲೆ ಕೊಟ್ಟರು. ಎಲ್ಲ ಮಕ್ಕಳೂ ಸುತ್ತ ಸೇರಿ ಚೂರುಗಳನ್ನೇ ನೋಡುತ್ತಿದ್ದರು.

ಹಾಗಂತ ಊರಿನವರೆಲ್ಲ ಚಪ್ಪಾಳೆ ತಟ್ಟುತ್ತಾ ಕೂತಿಲ್ಲ. ಮಿನಾಟೆಕ್ ಉದ್ಘಾಟನೆ ಹೊತ್ತಿಗೇ ಬೀದಿಯಲ್ಲಿ ಪ್ರತಿಭಟನೆ ನಡೆಯಿತು. 2009ರ ಡಿಸೆಂಬರ್‌ನಲ್ಲಿ ಸರ್ಕಾರ ಇಲ್ಲಿ ಏರ್ಪಡಿಸಿದ್ದ ನ್ಯಾನೋ ಸಾರ್ವಜನಿಕ ಚರ್ಚೆ ಗಲಾಟೆಯಿಂದ ನಿಂತೇ ಹೋಯಿತು. ಇನ್ನೊಬ್ಬರು ಮಾತಾಡದ ಹಾಗೆ ಕೂಗುವುದು ನನಗೆ ಸರಿ ಕಾಣಲಿಲ್ಲ. ಆದರೆ ಈ ಕಣಗಳಿಂದ ಆರೋಗ್ಯಕ್ಕೆ, ಪರಿಸರಕ್ಕೆ ಏನಾಗುತ್ತದೆ ಅಂತ ಅವರು ಎತ್ತಿದ ಪ್ರಶ್ನೆಗಳು ಸುಮ್ನೆ ಬಂದವಲ್ಲ. 2013ರಿಂದ ಫ್ರಾನ್ಸಿನಲ್ಲಿ ನ್ಯಾನೋ ಕಣಗಳನ್ನು ತಯಾರಿಸುವವರು, ತರಿಸುವವರು, ಹಂಚುವವರು ಪ್ರತಿ ವರ್ಷ ಸರ್ಕಾರಕ್ಕೆ ಲೆಕ್ಕ ಕೊಡಬೇಕು. 2023ರಲ್ಲಿ ಇದೇ ಕಣಿವೆಯ ಕ್ರೋಲ್‌ನ ಚಿಪ್ ಕಾರ್ಖಾನೆ ವಿಸ್ತರಣೆ ವಿರುದ್ಧ ಜನ ಮೆರವಣಿಗೆ ಮಾಡಿದರು. ಅವರ ಕೂಗು ‘ನೀರು ಬೇಕು, ಚಿಪ್ ಬೇಡ’ ಅಂತ. ಬಿಲ್ಲೆ ತೊಳೆಯಲು ತುಂಬಾ ಶುದ್ಧ ನೀರು ಬೇಕು, ಅದೂ ರಾಶಿ ರಾಶಿ. ನನ್ನ ಅನ್ನ ಇದೇ ಕೆಲಸದಿಂದ. ಆದರೂ ಅವರ ಮೇಲೆ ಕೋಪ ಬರಲಿಲ್ಲ. ನೀರಿನ ಸಂಕಟ ಏನು ಅಂತ ಮಂಡ್ಯದವನಿಗೆ ಯಾರಾದರೂ ಹೇಳಿಕೊಡಬೇಕಾ? ಊರಿಗೆ ಈ ಉದ್ಯಮ ತನ್ನದು ಅನಿಸಿದಾಗಲೇ ಅಲ್ವಾ ಜಗಳವೂ ಆಗೋದು?

ಈಗ ನಮ್ಮ ಕಡೆಗೆ ಬರುತ್ತೇನೆ. ಕರ್ನಾಟಕ ಹಿಂದೆ ಬಿದ್ದಿದೆ ಅಂತ ನಾನು ಹೇಳುವುದಿಲ್ಲ. ಸಿ.ಎನ್.ಆರ್. ರಾವ್ ಅವರಂಥ ದೊಡ್ಡವರು ನಮ್ಮವರೇ. ರಾಜ್ಯ ಸರ್ಕಾರ 2007ರಲ್ಲೇ ಬೆಂಗಳೂರಿನಲ್ಲಿ ನ್ಯಾನೋ ಸಮ್ಮೇಳನ ಶುರು ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕ್ಲೀನ್ ರೂಮಿನಲ್ಲಿ ಬೇರೆ ಕಾಲೇಜಿನವರೂ ಕೆಲಸ ಮಾಡಲಿ ಅಂತ 2008ರಲ್ಲಿ ಕೇಂದ್ರದ ಯೋಜನೆಯೂ ಬಂತು. ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಅವರು 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವ ಸ್ಫಟಿಕಗಳಿಗಾಗಿ (ಎಲ್‌ಸಿಡಿ ಪರದೆಗಳಲ್ಲಿರುವ ವಸ್ತು) ಕಟ್ಟಿದ ಕೇಂದ್ರ ಇವತ್ತು ನ್ಯಾನೋ ಸಂಶೋಧನೆಯ ಒಳ್ಳೆಯ ಸಂಸ್ಥೆ. ಇವೆಲ್ಲ ಚಿಕ್ಕ ಕೆಲಸ ಅಲ್ಲ.

ಆದರೆ ಎಲ್ಲವೂ ಬೆಂಗಳೂರಲ್ಲೇ ಅಥವಾ ಅದರ ಮಗ್ಗುಲಲ್ಲೇ. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿಯಲ್ಲಿ ಚಿಕ್ಕ ಕಲಿಕೆಯ ಕ್ಲೀನ್ ರೂಮ್ ಒಂದೊಂದು ಇರಲಿ ಅನ್ನುವುದು ನನ್ನ ಆಸೆ. ಕೋಟಿಗಟ್ಟಲೆ ಬೆಲೆಯ ಹೊಸ ಯಂತ್ರಗಳೇ ಬೇಕಾಗಿಲ್ಲ. ಹಳೇ ತಲೆಮಾರಿನ ಉಪಕರಣದಲ್ಲಿ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ. ಅದಕ್ಕೆ ಜಿಲ್ಲೆಯ ಪಾಲಿನ ಹಣ ಇರಲಿ, ಊರಿನ ಉದ್ಯಮಿಗಳ ಪಾಲೂ ಇರಲಿ. ಐಟಿಐ, ಡಿಪ್ಲೊಮಾ ಹುಡುಗರಿಗೆ ಮೊದಲ ಜಾಗ ಸಿಗಲಿ. ಯಾಕೆಂದರೆ ನಾನು ಇಲ್ಲಿ ಕಣ್ಣಾರೆ ನೋಡುತ್ತಿದ್ದೇನೆ: ವ್ಯಾಕ್ಯೂಮ್ ಪಂಪ್ ಕೆಟ್ಟರೆ ಪಿಎಚ್.ಡಿ. ಮಾಡಿದವರೂ ಕೈಕಟ್ಟಿ ನಿಲ್ಲುತ್ತಾರೆ. ಅದನ್ನು ಸರಿಮಾಡುವ ಟೆಕ್ನಿಷಿಯನ್ ಬಂದರೇನೇ ಕೆಲಸ ಮುಂದಕ್ಕೆ.

ಹೋದ ಸಲ ಊರಿಗೆ ಹೋದಾಗ ಅಕ್ಕನ ಮಗನಿಗೆ ಆ ಕ್ಲೀನ್ ರೂಮಿನ ಫೋಟೋ ತೋರಿಸಿದೆ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷ. ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ.

"ಮಾವ, ಇವ್ರೆಲ್ಲ ನನಗಿಂತ ಚಿಕ್ಕವ್ರಾ?"

"ಹೂಂ, ಒಂದೆರಡು ವರ್ಷ ಚಿಕ್ಕವರು."

"ನಮ್ಮ ಕಡೆ ಎಲ್ಲಿಗೆ ಹೋದ್ರೆ ಇದು ಸಿಗುತ್ತೆ?"

ಬೆಂಗಳೂರು ಅಂದೆ. "ಡಿಪ್ಲೊಮಾದವ್ರನ್ನ ಒಳಗೆ ಬಿಡ್ತಾರಾ?" ಅಂದ. ವಿಚಾರಿಸಿ ಹೇಳ್ತೀನಿ ಅಂದೆ. ಗ್ರೆನೋಬಲ್‌ಗೆ ವಾಪಸ್ ಬಂದ ವಾರವೇ ಎರಡು ಕಡೆ ಬರೆದು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ಪ್ರತಿ ಭಾನುವಾರ ಅಕ್ಕನಿಗೆ ಫೋನ್ ಮಾಡಿದಾಗ ಅವನು ಪಕ್ಕದಿಂದ "ಮಾವ, ಏನಾಯ್ತು?" ಅಂತ ಕೇಳುತ್ತಾನೆ.